ತರಗೆಲೆಯಿಂದ ದೀಪ: ಮಿರಾಮಾರ್‌ನಿಂದ ಕುಣಿಗಲ್‌ವರೆಗೆ

ಗಲ್ಫ್‌ನ ರಸ್ತೆಬದಿಯಲ್ಲಿ ಖರ್ಜೂರದ ಗರಿ ಕಡಿದು, ಹುಲ್ಲು ಸವರಿ ಲಾರಿಗೆ ತುಂಬುವವರಲ್ಲಿ ನಮ್ಮ ನಾಡಿನವರೂ ಇದ್ದಾರೆ. ಆಸ್ಪತ್ರೆಯ ಔಷಧ ವಿಭಾಗದ ಪಾಳಿ ಮುಗಿಸಿ ಬಸ್ಸಿಗೆ ಕಾಯುವಾಗ ಆ ಲಾರಿಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಆ ಹಸಿರು ಕಸದಿಂದ ಏನು ಮಾಡಬಹುದು? ಇದಕ್ಕೆ ಒಂದು ಉತ್ತರ ಅಮೆರಿಕದಲ್ಲಿದೆ, ಇನ್ನೊಂದು ನಮ್ಮ ತುಮಕೂರು ಜಿಲ್ಲೆಯಲ್ಲೇ ಇದೆ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದ ಮೀರಾ ಮೆಸಾ ಬಡಾವಣೆಯ ಪಕ್ಕದಲ್ಲಿ ಮಿರಾಮಾರ್ ಸೇನಾ ವಾಯುನೆಲೆ ಇದೆ. ಅದರ ಜಾಗದಲ್ಲಿ 1959ರಿಂದ ನಗರದ ಕಸ ಹೂಳುತ್ತಿದ್ದಾರೆ. ಗಾಳಿಯಾಡದೆ ಕೊಳೆಯುವ ಎಲೆ, ಹುಲ್ಲು, ಆಹಾರದಿಂದ ಮೀಥೇನ್ ಅನಿಲ ಹುಟ್ಟುತ್ತದೆ. ಹಾಗೇ ಬಿಟ್ಟರೆ ಅದು ಭೂಮಿಯ ಬಿಸಿ ಏರಿಸುತ್ತದೆ, ಹಿಡಿದರೆ ಇಂಧನ. ಮಿರಾಮಾರ್‌ನಲ್ಲಿ ಕಸದ ಗುಡ್ಡಕ್ಕೆ ಕೊಳವೆ ಇಳಿಸಿ ಅನಿಲ ಹೀರಿ ವಿದ್ಯುತ್ ಮಾಡಿದರು. 2012ರಿಂದ ಸುಮಾರು 3 ಮೆಗಾವಾಟ್ ವಿದ್ಯುತ್ ವಾಯುನೆಲೆಗೆ ಹೋಗತೊಡಗಿತು. ಆದರೆ ಹೂಳಿದ ಕಸದ ಅನಿಲವೆಲ್ಲ ಕೊಳವೆಗೆ ಸಿಗುವುದಿಲ್ಲ. ಆದ್ದರಿಂದ ಹಸಿರು ಕಸ ಹೂಳುವುದನ್ನೇ ತಗ್ಗಿಸಲು ಕ್ಯಾಲಿಫೋರ್ನಿಯಾ 2016ರಲ್ಲಿ ಕಾನೂನು ಮಾಡಿತು. ಅದರ ನಿಯಮಗಳು 2022ರಲ್ಲಿ ಜಾರಿಗೆ ಬಂದವು. ಈಗ ಅಂಗಳದ ಕಸ ಅದೇ ಮಿರಾಮಾರ್‌ನಲ್ಲಿ ಗೊಬ್ಬರವಾಗುತ್ತದೆ.

ಅವರು ಹೂಳಿದ್ದರಿಂದ ಅನಿಲ ತೆಗೆದರೆ, ನಮ್ಮವರು ಅನಿಲಕ್ಕಾಗಿಯೇ ತೊಟ್ಟಿ ಕಟ್ಟಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಅವರು ಸಗಣಿಯಿಂದ ಊರಿಗೆಲ್ಲ ಅಡುಗೆ ಅನಿಲ ಕೊಡಲು ಹೊರಟರು, ಸಗಣಿ ಸಾಲಲಿಲ್ಲ. ಕೈಚೆಲ್ಲದೆ, 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕುಡಿಯುವ ನೀರು ಕೊಟ್ಟರು. ಮರುವರ್ಷ ಅದೇ ತಾಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯ ತುಂಡುಗಳಿಂದ ಅನಿಲ ತೆಗೆದು ದೀಪ ಉರಿಸಿದರು. ಸಗಣಿ ತೊಟ್ಟಿಗೆ ಎಲೆ ಹಾಕಿದರೆ ತೇಲಿ ಕೆನೆಗಟ್ಟುತ್ತದೆ. ಅದಕ್ಕೆಂದೇ ಸಂಸ್ಥೆಯವರು ಎಲೆ, ಸೊಪ್ಪಿಗೆ ಹೊಂದುವ ಬೇರೆ ಬಗೆಯ ತೊಟ್ಟಿಯನ್ನೂ ರೂಪಿಸಿದರು.

ಒಂದೇ ಮಾತ್ರೆ ಎಲ್ಲ ಕಾಯಿಲೆಗೂ ಆಗದು ಎಂಬುದು ನಮ್ಮ ಕೆಲಸ ಕಲಿಸಿದ ಪಾಠ. ಇಲ್ಲೂ ಹಾಗೆಯೇ: ಹಸಿ ಸೊಪ್ಪು ಕೊಳೆಯುವ ತೊಟ್ಟಿಗೆ, ಒಣ ಕೊಂಬೆ ಅನಿಲ ಒಲೆಗೆ. ಎರಡನ್ನೂ ಬೆರೆಸಿ ಲಾರಿಗೆ ಸುರಿದರೆ ಬರೀ ಕಸ.

ನಮ್ಮ ಹಿರಿಯರು ಸೊಪ್ಪನ್ನು ಹಟ್ಟಿಗೆ ಹಾಸಿ ಗೊಬ್ಬರ ಮಾಡಿದರು, ಮಡಲನ್ನು ಬಚ್ಚಲ ಒಲೆಗೆ ಇಟ್ಟರು. ಈಗ ಹಟ್ಟಿ ಖಾಲಿ, ಬಚ್ಚಲಲ್ಲಿ ಗೀಸರ್. ರಜೆಗೆ ಊರಿಗೆ ಹೋದಾಗ ನಮ್ಮ ತೋಟದ ಮೂಲೆಯಲ್ಲೂ ತರಗೆಲೆಗೆ ಬೆಂಕಿ ಹಚ್ಚಿ, ಹೊಗೆಗೆ ವಯಸ್ಸಾದ ಅಮ್ಮ ಕೆಮ್ಮುವುದನ್ನು ಕೇಳಿದ್ದೇವೆ. ಇಲ್ಲಿಂದ ಕಳಿಸುವ ಹಣದಲ್ಲಿ ಹೊಸ ಮನೆ ಕಟ್ಟುವ ಗೆಳೆಯರೇ, ನಕ್ಷೆಯಲ್ಲಿ ಕಾರಿಗೆ ಜಾಗ ಬಿಡುವಾಗ ಸೊಪ್ಪಿಗೂ ಒಂದು ಗುಂಡಿಯ ಜಾಗ ಬಿಡೋಣ.