ಹಿಂದಿನ ಹಿಡಿತ ಬಿಟ್ಟ ಫೆನ್ಸ್: ಟೇಬಲ್ ಸಾ ನೆಟ್ಟಗಾದ ಕಥೆ

ಟೇಬಲ್ ಸಾ ನೋಡಿದವರ ಕಣ್ಣು ಮೊದಲು ಹೋಗುವುದು ತಿರುಗುವ ಬ್ಲೇಡಿನ ಮೇಲೆ. ಆದರೆ ಹಲಗೆ ನೆಟ್ಟಗೆ ಸೀಳುವುದರಲ್ಲಿ, ಕೆಲಸಗಾರನ ಬೆರಳು ಉಳಿಯುವುದರಲ್ಲಿ, ಬ್ಲೇಡಿನ ಪಕ್ಕ ಸುಮ್ಮನೆ ನಿಂತಿರುವ ಒಂದು ಪಟ್ಟಿಯ ಪಾಲೂ ದೊಡ್ಡದು. ಅದರ ಹೆಸರು ರಿಪ್ ಫೆನ್ಸ್. ಹಲಗೆಯ ಅಂಚನ್ನು ಇದಕ್ಕೆ ಒತ್ತಿ ಮುಂದಕ್ಕೆ ತಳ್ಳಿದರೆ ಉದ್ದಕ್ಕೂ ಒಂದೇ ಅಗಲದ ತುಂಡು ಸಿಗಬೇಕು. ಇಷ್ಟು ಸರಳ ಕೆಲಸಕ್ಕೆ ನಂಬುವಂಥ ಫೆನ್ಸ್ ಸಿಗಲು ಅಮೆರಿಕದ ಬಡಗಿಗಳು ದಶಕಗಳ ಕಾಲ ಕಾಯಬೇಕಾಯಿತು. ಅದು ಬಂದಿದ್ದು ದೊಡ್ಡ ಯಂತ್ರ ಕಂಪನಿಗಳ ಹೊರಗಿನಿಂದ.

ವೃತ್ತಾಕಾರದ ಗರಗಸ ಹೊಸದೇನಲ್ಲ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಿಲ್ಲರ್ ಎಂಬುವರು 1777ರಲ್ಲೇ ಪಡೆದ ಪೇಟೆಂಟಿನಲ್ಲಿ ಅದರ ಮಾತಿದೆ. ಅಮೆರಿಕದ ಮರಗೆಲಸದ ಅಂಗಡಿಗಳಲ್ಲಿ ಮನೆಮಾತಾದ ಟೇಬಲ್ ಸಾ ಎಂದರೆ ಮಿಲ್ವಾಕಿಯ ಡೆಲ್ಟಾ ಕಂಪನಿ 1939ರಲ್ಲಿ ತಂದ ಯೂನಿಸಾ. ಎರಕದ ಕಬ್ಬಿಣದ ಭಾರದ ಮೇಜು, ಒಳಗೆ ಮೋಟರ್. ಓರೆ ಕೊಯ್ಯಬೇಕಾದರೆ ಮೇಜು ಬಾಗಿಸಬೇಕಿಲ್ಲ, ಬ್ಲೇಡೇ ಬಾಗುತ್ತದೆ. ಯಂತ್ರ ಗಟ್ಟಿಮುಟ್ಟು. ತಕರಾರು ಇದ್ದದ್ದು ಅದರ ಫೆನ್ಸ್ ಬಗ್ಗೆ.

ಹಳೆಯ ಫೆನ್ಸ್ ಮೇಜಿನ ಮುಂದೊಂದು, ಹಿಂದೊಂದು ದುಂಡು ಸಲಾಕೆಯ ಮೇಲೆ ಜಾರುತ್ತಿತ್ತು. ಬಿಗಿ ಮಾಡಿದಾಗ ಎರಡೂ ತುದಿಯನ್ನು ಹಿಡಿಯುತ್ತಿತ್ತು. ಎರಡು ಕಡೆ ಹಿಡಿದರೆ ಗಟ್ಟಿ ಎಂದು ಯಾರಿಗಾದರೂ ಅನ್ನಿಸುತ್ತದೆ. ತೊಂದರೆ ಇದ್ದದ್ದೇ ಅಲ್ಲಿ. ಜಾರಿಸುವಾಗ ಹಿಂದಿನ ತುದಿ ಕೂದಲೆಳೆಯಷ್ಟು ಹಿಂದೆ ಬಿದ್ದರೂ ಬಿಗಿ ಮಾಡಿದಾಗ ಆ ಸೊಟ್ಟವೇ ಗಟ್ಟಿಯಾಗುತ್ತಿತ್ತು. ಹಾಗಾಗಿ ಪ್ರತಿ ಅಳತೆಗೂ ಟೇಪ್ ಹಿಡಿದು ಬ್ಲೇಡಿನ ಮುಂದಿನ ಹಲ್ಲಿನಿಂದ ಒಮ್ಮೆ, ಹಿಂದಿನ ಹಲ್ಲಿನಿಂದ ಒಮ್ಮೆ ನೋಡಿ, ಕೈಯಿಂದ ತಟ್ಟಿ ಸರಿಪಡಿಸಬೇಕಿತ್ತು. ನುರಿತವರು ಹಾಗೇ ಒಳ್ಳೆಯ ಕೆಲಸ ತೆಗೆಯುತ್ತಿದ್ದರು. ಅವಸರದಲ್ಲಿ ಇರುವವರು ಅಳತೆ ಬಿಡುತ್ತಿದ್ದರು.

ಬಿಟ್ಟರೆ ಏನಾಗುತ್ತದೆ? ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಕ್ಕೆ ಇಳಿಯುತ್ತವೆ, ಹಿಂಭಾಗದವು ಮೇಲಕ್ಕೆ ಏಳುತ್ತವೆ. ಫೆನ್ಸಿನ ಹಿಂದಿನ ತುದಿ ಬ್ಲೇಡಿನ ಕಡೆ ವಾಲಿದ್ದರೆ, ಹಲಗೆ ಎರಡರ ನಡುವೆ ಇಕ್ಕಟ್ಟಿಗೆ ಸಿಲುಕುತ್ತದೆ. ಮೇಲೇಳುವ ಹಲ್ಲು ಅದನ್ನು ಕಚ್ಚಿ ಎತ್ತಿ, ಯಂತ್ರದ ಮುಂದೆ ನಿಂತವನ ಕಡೆಗೇ ಎಸೆಯುತ್ತದೆ. ಇದನ್ನು ಕಿಕ್‌ಬ್ಯಾಕ್ ಎನ್ನುತ್ತಾರೆ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಹಲಗೆ ಹೊಟ್ಟೆಗೆ ಬಡಿಯುವುದು ಒಂದು ಅಪಾಯ. ಹಲಗೆ ಹಾರಿದಾಗ ಅದನ್ನು ಹಿಡಿದಿದ್ದ ಕೈ ಬ್ಲೇಡಿನ ಮೇಲೆ ಬೀಳುವುದು ಇನ್ನೊಂದು.

ಎರಡನೇ ಮಹಾಯುದ್ಧದ ನಂತರ ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡಿನ ಕಾಲ ಬಂತು. 8 ಅಡಿ ಉದ್ದ, 4 ಅಡಿ ಅಗಲದ ಹಾಳೆಗಳಿಂದ ಒಂದೇ ಅಳತೆಯ ತುಂಡುಗಳನ್ನು ಡಜನ್‌ಗಟ್ಟಲೆ ಕೊಯ್ಯಬೇಕಾಯಿತು. ಕಪಾಟಿನ ಒಂದು ಪಕ್ಕ ಎರಡು ಮಿಲಿಮೀಟರ್ ಹೆಚ್ಚಾದರೆ ಬಾಗಿಲು ಕೂರುವುದಿಲ್ಲ. ಹಳೆಯ ಫೆನ್ಸಿನ ಸೊಟ್ಟ ಈಗ ನೇರವಾಗಿ ಮಾಲಿಗೂ ದುಡ್ಡಿಗೂ ಹೊಡೆತ ಕೊಡತೊಡಗಿತು.

ಇದಕ್ಕೆ ಉತ್ತರ ಬಂದಿದ್ದು 1970ರ ದಶಕದ ಕೊನೆಯ ಹೊತ್ತಿಗೆ, ಅರಿಝೋನಾ ರಾಜ್ಯದ ಮೇಸಾ ನಗರದಿಂದ. ವಿಲಿಯಂ ಬೀಸ್‌ಮೇಯರ್ ಮಾಡಿದ ಫೆನ್ಸ್ ನೋಡಲು ನಕ್ಷೆ ಬರೆಯುವವರ ಟಿ-ಸ್ಕ್ವೇರ್‌ನಂತೆ ಇತ್ತು. ಉಕ್ಕಿನ ಚೌಕ ಪೈಪು, ಅದರ ಮುಂದಿನ ತುದಿಗೆ ಅಡ್ಡಲಾಗಿ ಬೆಸೆದ ಇನ್ನೊಂದು ತುಂಡು. ಮೇಜಿನ ಮುಂದೆ ಬೋಲ್ಟ್ ಹಾಕಿ ಕೂರಿಸಿದ ಭಾರದ ಹಳಿಯ ಮೇಲೆ ಈ ಅಡ್ಡ ತುಂಡು ಜಾರುತ್ತದೆ. ಒಂದು ಲಿವರ್ ಒತ್ತಿದರೆ ಬಿಗಿಯಾಗುತ್ತದೆ. ಹಿಂದಿನ ತುದಿಗೆ ಹಿಡಿತವೇ ಇಲ್ಲ.

ನೆಟ್ಟಗಿರುವ ಹೊಣೆಯೆಲ್ಲ ಆ ಉದ್ದನೆಯ ಅಡ್ಡ ತುಂಡಿನದು. ಅಗಲವಾಗಿ ಹಳಿಗೆ ಒರಗಿರುವುದರಿಂದ ಅದು ಓರೆಯಾಗಲು ಅವಕಾಶ ಕಡಿಮೆ. ಅಡ್ಡ ತುಂಡಿನಲ್ಲಿರುವ ಸಣ್ಣ ಸ್ಕ್ರೂಗಳಿಂದ ಒಮ್ಮೆ ಮೂಲೆ ಸರಿ ಮಾಡಿಟ್ಟರೆ, ಎಲ್ಲಿಗೆ ಜಾರಿಸಿದರೂ ಫೆನ್ಸ್ ಬ್ಲೇಡಿಗೆ ಸಮಾನಾಂತರವಾಗೇ ನಿಲ್ಲುತ್ತದೆ. ಹಳಿಯ ಮೇಲೆ ಅಂಟಿಸಿದ ಅಳತೆ ಪಟ್ಟಿ, ಅದರ ಮೇಲೆ ತೆಳು ಗೆರೆಯ ಸೂಚಿ. ಅಂಕಿ ನೋಡು, ಲಿವರ್ ಒತ್ತು, ಕೊಯ್ಯಿ. ಎರಡು ಸಲ ಟೇಪ್ ಹಿಡಿಯುವ ಕೆಲಸ ತಪ್ಪಿತು.

ಹಳೆಯ ಯಂತ್ರ ಮಾರಬೇಕಿರಲಿಲ್ಲ ಎನ್ನುವುದು ಇದರ ದೊಡ್ಡ ಗುಣ. ಹಳೆಯ ಸಲಾಕೆ ಬಿಚ್ಚಿ, ಹೊಸ ಹಳಿ ಕೂರಿಸಿದರೆ 20-30 ವರ್ಷದ ಗರಗಸಕ್ಕೂ ಹೊಸ ಜೀವ. ಉದ್ದದ ಹಳಿ ಹಾಕಿ, ಪಕ್ಕಕ್ಕೆ ಮೇಜು ವಿಸ್ತರಿಸಿದರೆ ಬ್ಲೇಡಿನಿಂದ 50 ಇಂಚಿನವರೆಗೆ ಫೆನ್ಸ್ ಸರಿಸಬಹುದಿತ್ತು. ಪೂರ್ತಿ ಪ್ಲೈವುಡ್ ಹಾಳೆಗೆ ಅದು ಸಾಕು. ಡೆಲ್ಟಾ 1980ರ ದಶಕದಲ್ಲಿ ಮುಂದೆ ಮಾತ್ರ ಬಿಗಿಯಾಗುವ ತನ್ನದೇ ಯೂನಿಫೆನ್ಸ್ ತಂದಿತು. ಮುಂದೆ ಬೀಸ್‌ಮೇಯರ್ ಹೆಸರೂ ಡೆಲ್ಟಾ ಬಳಗಕ್ಕೇ ಸೇರಿತು. ಇವತ್ತು ಹಲವು ಕಂಪನಿಗಳ ಗರಗಸದ ಮೇಲಿರುವುದು ಇದೇ ಟಿ ಆಕಾರದ ನಕಲು.

ಯುರೋಪಿನ ದಾರಿ ಬೇರೆ. ಬರ್ಲಿನ್ನಿನ ವಿಲ್‌ಹೆಲ್ಮ್ ಆಲ್ಟೆಂಡಾರ್ಫ್ 1906ರಲ್ಲಿ ಹಲಗೆಯನ್ನು ಹೊತ್ತು ಜಾರುವ ಮೇಜನ್ನೇ ಮಾಡಿದ್ದರು. ನಮ್ಮ ಊರುಗಳಲ್ಲಿ ಮಾಡ್ಯುಲರ್ ಕಿಚನ್ ಮಾಡುವ ದೊಡ್ಡ ಅಂಗಡಿಗಳ ಪ್ಯಾನಲ್ ಸಾ ಆ ವಂಶದ್ದು. ಆದರೆ ಸಣ್ಣ ಬಡಗಿ ಅಂಗಡಿಗಳಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲಿನ ಗರಗಸಕ್ಕೆ ಒಂದು ನೆಟ್ಟನೆಯ ರೀಪು, ಎರಡು ತುದಿಗೆ ಎರಡು ಸಿ-ಕ್ಲಾಂಪು ಹಾಕಿ ಕೊಯ್ಯುವುದನ್ನು ಈಗಲೂ ನೋಡಬಹುದು. ಅಂದರೆ ಬೀಸ್‌ಮೇಯರ್‌ಗಿಂತ ಹಿಂದಿನ ಪರಿಸ್ಥಿತಿ: ಎರಡು ಹಿಡಿತ, ಎರಡು ಅಳತೆ, ತಪ್ಪಿಗೆ ಎರಡು ದಾರಿ. ಟಿ ಫೆನ್ಸಿಗೆ ಬೇಕಾದ ಚೌಕ ಪೈಪು ಮತ್ತು ಬೆಸುಗೆ ಗೇಟು ಮಾಡುವ ಯಾವ ಅಂಗಡಿಯಲ್ಲೂ ಇದೆ. ಬೆಸುಗೆಯ ಬಿಸಿಗೆ ಪೈಪು ಸೊಟ್ಟಗಾಗುತ್ತದೆ, ಅದಕ್ಕೇ ಮೂಲೆ ಹೊಂದಿಸುವ ಸ್ಕ್ರೂಗಳನ್ನು ಬಿಡುವಂತಿಲ್ಲ.

ಒಳ್ಳೆಯ ಫೆನ್ಸ್ ಇದ್ದ ಮಾತ್ರಕ್ಕೆ ಬ್ಲೇಡಿನ ಮುಚ್ಚಳ, ಅದರ ಹಿಂದೆ ನಿಲ್ಲುವ ರೈವಿಂಗ್ ನೈಫ್, ಸಣ್ಣ ತುಂಡಿಗೆ ತಳ್ಳುಕೋಲು ಬೇಡ ಎಂದಲ್ಲ. ಫೆನ್ಸ್ ಯಾವುದೇ ಇರಲಿ, ಪ್ಲಗ್ ಕಿತ್ತು, ಬ್ಲೇಡಿನ ಮುಂದಿನ ಹಲ್ಲಿನಿಂದ ಮತ್ತು ಹಿಂದಿನ ಹಲ್ಲಿನಿಂದ ಫೆನ್ಸಿಗೆ ಎಷ್ಟಿದೆ ಎಂದು ಅಳೆಯಿರಿ. ಎರಡೂ ಸಮ ಇರಬೇಕು. ಹಿಂದಿನದು ಕಾಗದದ ದಪ್ಪದಷ್ಟು ಹೆಚ್ಚಿದ್ದರೂ ನಡೆದೀತು. ಕಡಿಮೆ ಇದ್ದರೆ ಮಾತ್ರ ಸರಿಪಡಿಸುವ ತನಕ ಸ್ವಿಚ್ ಹಾಕಬೇಡಿ.