ಬೇಸಿಗೆಯ ಕೊನೆಯಲ್ಲಿ ಒಂದು ತರಕಾರಿ ತೋಟ

ಇತಿಹಾಸವೆಂದರೆ ಅರಸರ ಏಳುಬೀಳುಗಳಷ್ಟೇ ಅಲ್ಲ. ಜನರು ನೀರನ್ನು ಹೇಗೆ ಪಡೆದರು, ಹೇಗೆ ಅಳೆದು ಬಳಸಿದರು ಎಂಬುದೂ ಇತಿಹಾಸವೇ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಸೀಮೆಯ ಸಣ್ಣ ತರಕಾರಿ ತೋಟ ಇದಕ್ಕೊಂದು ನಿದರ್ಶನ. ಬೇಸಿಗೆ ಮುಗಿದು ಮುಂಗಾರು ಕಾಲಿಡುವ ಹೊತ್ತಿನಲ್ಲಿ ಆ ತೋಟದ ಬದುಕು ಸ್ಪಷ್ಟವಾಗಿ ಕಾಣುತ್ತಿತ್ತು.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸಂಚರಿಸಿದನು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಏತ, ಕಪಿಲೆಗಳೆರಡೂ ಬರುತ್ತವೆ. ಏತಕ್ಕೆ ಮನುಷ್ಯರ ಶ್ರಮ ಸಾಕು. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಹಗ್ಗವನ್ನೆಳೆದು ಇಳಿದಂತೆ ನೀರು ತುಂಬಿದ ಚರ್ಮದ ಚೀಲ ಬಾವಿಯಿಂದ ಮೇಲೇರುತ್ತಿತ್ತು. ಎತ್ತುಗಳು ದಣಿಯುತ್ತಿದ್ದವು, ಬಾವಿಯೂ ಬರಿದಾಗುತ್ತಿತ್ತು. ಆದುದರಿಂದ ತೋಟದ ವಿಸ್ತಾರವನ್ನು ನಿರ್ಧರಿಸುತ್ತಿದ್ದುದು ರೈತನ ಆಸೆಯಲ್ಲ, ಬಾವಿಯ ಊಟೆ.

ವೈಶಾಖದ ಹೊತ್ತಿಗೆ ನೀರು ತಳ ಕಾಣುತ್ತಿತ್ತು. ಬದನೆ, ಸೊಪ್ಪುಗಳ ಕೆಲವೇ ಮಡಿಗಳಿಗೆ ಬೆಳಗಿನ ಜಾವ ನೀರು ಹಾಯಿಸಿ, ಉಳಿದ ನೆಲವನ್ನು ಬಿಸಿಲಿಗೆ ಬಿಡುತ್ತಿದ್ದರು. ಬಳ್ಳಿಯಲ್ಲೇ ಒಣಗಿದ ಹೀರೆ, ಸೋರೆಗಳ ಬೀಜ ತೆಗೆದು ಬೂದಿಯಲ್ಲಿ ಹೊರಳಿಸಿ ಇಡುತ್ತಿದ್ದರು. ಬತ್ತಿದ ಕೆರೆಯ ಗೋಡುಮಣ್ಣು ಗಾಡಿಗಳಲ್ಲಿ ಹೊಲಕ್ಕೆ ಬರುತ್ತಿತ್ತು. ಇದರಿಂದ ಹೊಲಕ್ಕೆ ಸಾರ, ಕೆರೆಗೆ ಆಳ! ಏಪ್ರಿಲ್ ಕೊನೆಯಲ್ಲಿ ಭರಣಿ, ಬಳಿಕ ಕೃತ್ತಿಕೆ, ಮೇ ಕೊನೆಗೆ ರೋಹಿಣಿ, ಜೂನ್ ಎರಡನೆಯ ವಾರಕ್ಕೆ ಮೃಗಶಿರ. ಹದಿಮೂರು-ಹದಿನಾಲ್ಕು ದಿನಗಳ ಈ ಮಳೆ ನಕ್ಷತ್ರಗಳೇ ರೈತನ ಪಂಚಾಂಗ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ನಿಮಗೂ ನೆನಪಿರಬಹುದು.

ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಬಂತು. ರೈತನ ಬಾವಿಗೆ ಬರಲು ಇನ್ನೂ ದಶಕಗಳು ಹಿಡಿದವು. ಪಂಪುಸೆಟ್ಟು ಎತ್ತುಗಳ ದಣಿವನ್ನು ನೀಗಿತು. ಅದೊಂದು ಉಪಕಾರವೇ ಸರಿ. ಮುಂದೆ ಕೊಳವೆಬಾವಿ ಬಂದ ಮೇಲೆ ಬೇಸಿಗೆಯಲ್ಲಿಯೂ ಟೊಮೆಟೊ ಬೆಳೆಯಿತು. ಕೋಲಾರ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದಾಯಿತು. ಮಕ್ಕಳ ಶಾಲೆಯ ಫೀಜು, ಮದುವೆ, ಮನೆ ಎಲ್ಲವೂ ಆ ಬೆಳೆಯಿಂದಲೇ ಆದ ಕುಟುಂಬಗಳಿವೆ. ಆದರೆ ನೆಲಕ್ಕೂ ಬಾವಿಗೂ ಇದ್ದ ಬೇಸಿಗೆಯ ವಿರಾಮ ಇಲ್ಲವಾಯಿತು. ತೆರೆದ ಬಾವಿಗಳು ಬತ್ತಿದವು. ಕೊಳವೆಗಳು ಸಾವಿರ ಅಡಿಯನ್ನೂ ದಾಟಿದವು.

2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಕೆರೆ ತುಂಬಿದೆಡೆ ಅಂತರ್ಜಲ ಮೇಲೇರಿದೆ. ಆ ನೀರನ್ನು ಇನ್ನೊಂದು ಹಂತ ಶುದ್ಧೀಕರಿಸಬೇಕೆಂಬ ರೈತರ ಬೇಡಿಕೆಯೂ ನ್ಯಾಯವಾದದ್ದೇ.

ಕಪಿಲೆಯ ಕಾಲಕ್ಕೆ ಮರಳಬೇಕೆಂದು ನಾನು ಹೇಳಲಾರೆ. ಎತ್ತಿನ ಹಿಂದೆ ಸವೆದ ಜೀವಗಳಿಗೆ ಆ ಕಾಲದ ಕಷ್ಟ ತಿಳಿದಿತ್ತು. ಆದರೆ ಇರುವ ನೀರಿಗೆ ತಕ್ಕಂತೆ ಬೆಳೆಯೆಂಬ ಅಂದಿನ ಲೆಕ್ಕ ಇಂದಿಗೂ ಸುಳ್ಳಾಗಿಲ್ಲ. ನಿಮ್ಮ ಹಿರಿಯರ ಜಮೀನಿನಲ್ಲಿ ಹಳೆಯ ಬಾವಿಯೊಂದು ಉಳಿದಿದ್ದರೆ, ದಯಮಾಡಿ ಅದನ್ನು ಮುಚ್ಚಿಸಬೇಡಿ. ಮಳೆಗಾಲಕ್ಕೆ ಮುನ್ನ ಹೂಳೆತ್ತಿಸಿ.