ದೋಣಿಗೆ ಎಂಜಿನ್ ಎಲ್ಲಿರಬೇಕು?

ಕಾರಿಗೆ ಎಂಜಿನ್ ಮುಂದೆ, ಆಟೋಗೆ ಹಿಂದೆ, ಸ್ಕೂಟರಿಗೆ ಸೀಟಿನ ಕೆಳಗೆ. ಅಲ್ಲಿಗೆ ಮುಗಿಯಿತು. ದೋಣಿಯದು ಮಾತ್ರ ಇಷ್ಟು ಸುಲಭವಲ್ಲ. ಅದರ ಎಂಜಿನ್ ಒಳಗಿರಬೇಕೋ, ಹೊರಗಿರಬೇಕೋ, ಅರ್ಧ ಒಳಗೆ ಅರ್ಧ ಹೊರಗೆ ಇರಬೇಕೋ ಎಂದು ಜನ ನೂರಕ್ಕೂ ಹೆಚ್ಚು ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಕೋರ್ಟು ಮೆಟ್ಟಿಲೂ ಹತ್ತಿದ್ದಾರೆ. ವಿಶಾಖಪಟ್ಟಣದಲ್ಲಿ ಇಷ್ಟು ವರ್ಷ ಇದ್ದ ಮೇಲೆ ಈ ಕಥೆಯನ್ನು ಕನ್ನಡದಲ್ಲಿ ಒಮ್ಮೆ ಬರೆದಿಡಬೇಕು ಅನ್ನಿಸಿತು. ಯಾಕೆಂದರೆ ಈ ಮೂರೂ ಬಗೆಯ ಉತ್ತರಕ್ಕೆ ಆಂಧ್ರದ ಈ ಕರಾವಳಿಯ ನಂಟಿದೆ.

ಮೊದಲು ಒಳಗಿನ ಎಂಜಿನ್, ಅಂದರೆ ಇನ್‌ಬೋರ್ಡ್. ಎಂಜಿನ್ ದೋಣಿಯ ಹೊಟ್ಟೆಯಲ್ಲಿ ಇರುತ್ತದೆ. ಅಲ್ಲಿಂದ ಉದ್ದನೆಯ ಶಾಫ್ಟ್ ತಳವನ್ನು ತೂರಿ ಹೊರಬಂದು ಪ್ರೊಪೆಲ್ಲರ್ ತಿರುಗಿಸುತ್ತದೆ. ತಿರುಗಲು ಬೇರೆ ಚುಕ್ಕಾಣಿ ಬೇಕು. ದೊಡ್ಡ ಹಡಗುಗಳಿಗೆ, ನಮ್ಮ ಬಂದರಿನ ಟಗ್ಗುಗಳಿಗೆ, ಮೀನುಗಾರಿಕೆ ಟ್ರಾಲರ್‌ಗಳಿಗೆ ಇದು ಸರಿ. ಅವುಗಳಿಗೆ ಆಳವಾದ ನೀರಿದೆ, ಕಟ್ಟಲು ಜೆಟ್ಟಿ ಇದೆ.

ಆಳವಾದ ನೀರು ಎಂಬುದು ಇಲ್ಲಿ ಪುಕ್ಕಟೆ ಸಿಕ್ಕಿದ್ದಲ್ಲ ಎಂಬುದನ್ನೂ ಹೇಳಬೇಕು. 1933ರಲ್ಲಿ ಈ ಬಂದರು ತೆರೆದಾಗ ದೊಡ್ಡ ತಲೆನೋವಾಗಿದ್ದು ಮರಳು. ಮುಂಗಾರಿನಲ್ಲಿ ಅಲೆಗಳು ದಂಡೆಯುದ್ದಕ್ಕೂ ದಕ್ಷಿಣದಿಂದ ಉತ್ತರಕ್ಕೆ ಮರಳು ಹೊತ್ತು ತಂದು ಬಂದರಿನ ಬಾಯಿ ಮುಚ್ಚುತ್ತಿದ್ದವು. ಅದಕ್ಕೆ ಕಂಡುಕೊಂಡ ಉಪಾಯವೆಂದರೆ, ಜೇನಸ್ ಮತ್ತು ವೆಲ್ಲೆಡ್‌ಸನ್ ಎಂಬ ಎರಡು ಹಳೇ ಹಡಗುಗಳನ್ನು ಡಾಲ್ಫಿನ್ಸ್ ನೋಸ್ ಗುಡ್ಡದ ಬಳಿ ಬೇಕೆಂದೇ ಮುಳುಗಿಸಿ ಅಲೆತಡೆ ಮಾಡಿದ್ದು. ಮರಳು ಅದರ ಹಿಂದೆ ನಿಲ್ಲುತ್ತದೆ, ಡ್ರೆಜ್ಜರ್ ಅದನ್ನು ಎತ್ತಿ ಹಾಕುತ್ತದೆ. ಬಂದರಿಗೆ ಇಷ್ಟು ಖರ್ಚು ಮಾಡುವವರಿದ್ದಾರೆ. ಜೆಟ್ಟಿಯೂ ಇಲ್ಲದೆ ಬರೀ ಮರಳ ದಂಡೆಗೆ ದೋಣಿ ಎಳೆದು ನಿಲ್ಲಿಸುವವನಿಗೆ ತಳದಲ್ಲಿ ಚಾಚಿಕೊಂಡ ಪ್ರೊಪೆಲ್ಲರ್ ಇದ್ದರೆ ಗತಿಯೇನು?

ಅದಕ್ಕೆ ಬಂದ ಮೊದಲ ಉತ್ತರ ಔಟ್‌ಬೋರ್ಡ್. ಎಂಜಿನ್, ಗೇರು, ಪ್ರೊಪೆಲ್ಲರ್ ಎಲ್ಲ ಒಂದೇ ಗಂಟು. ದೋಣಿಯ ಹಿಂಬದಿಯ ಹಲಗೆಗೆ ಸಿಕ್ಕಿಸಿದರೆ ಆಯಿತು. ಅಮೆರಿಕದ ಮಿಲ್ವಾಕಿಯಲ್ಲಿದ್ದ ನಾರ್ವೆ ಮೂಲದ ಓಲ್ ಎವಿನ್‌ರೂಡ್ ಅದನ್ನು 1909ರಲ್ಲಿ ಮಾರಾಟಕ್ಕಿಟ್ಟ. ಮನದನ್ನೆಗೆಂದು ಐಸ್‌ಕ್ರೀಮ್ ತರಲು ಕೆರೆಯಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ಅದು ಕರಗಿಹೋಯಿತಂತೆ, ಆಗ ಹೊಳೆಯಿತಂತೆ ಎಂಬ ಕಥೆ ಇದೆ. ಕಥೆ ಹೇಗಾದರೂ ಇರಲಿ, ಲೆಕ್ಕ ಚೆನ್ನಾಗಿದೆ: ಒಂದೂವರೆ ಅಶ್ವಶಕ್ತಿ, 62 ಪೌಂಡ್ ತೂಕ, 62 ಡಾಲರ್ ಬೆಲೆ. ನಮ್ಮ ಮಲ್ಪೆ, ಮಂಗಳೂರು ಕಡೆಯ ನಾಡದೋಣಿಗಳ ಹಿಂದೆ ಸೀಮೆಎಣ್ಣೆ ಕುಡಿಯುತ್ತಾ ಬೊಬ್ಬೆ ಹೊಡೆಯುವ ಎಂಜಿನ್ ನೋಡಿದ್ದೀರಲ್ಲ, ಅದು ಈ ವಂಶದ್ದೇ.

ಔಟ್‌ಬೋರ್ಡಿಗೂ ಆ ಕಾಲದಲ್ಲಿ ಕುಂದಿತ್ತು. ಟೂ-ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಹೊಗೆ, ಸದ್ದು, ವಿಪರೀತ ಇಂಧನ. ಅಷ್ಟರಲ್ಲಿ ಅಮೆರಿಕದಲ್ಲಿ ನೀರಾಟದ ಹುಚ್ಚು ಹಬ್ಬಿತ್ತು. 1922ರಲ್ಲಿ ಮಿನೆಸೋಟದ ರಾಲ್ಫ್ ಸ್ಯಾಮುಯೆಲ್‌ಸನ್ ಎಂಬ ಹುಡುಗ ಹಲಗೆ ಕಟ್ಟಿಕೊಂಡು ದೋಣಿಯ ಹಿಂದೆ ನೀರಿನ ಮೇಲೆ ಜಾರಿದ ಮೇಲೆ ವಾಟರ್ ಸ್ಕೀಯಿಂಗ್ ಬೆಳೆಯಿತು. ಯುದ್ಧ ಮುಗಿದು ಮಧ್ಯಮವರ್ಗದ ಕೈಯಲ್ಲಿ ದುಡ್ಡು ಓಡಾಡಿದಾಗ ಕುಟುಂಬಕ್ಕೊಂದು ದೋಣಿ ಬೇಕಾಯಿತು. ಅದು ಕಾರಿನ ಎಂಜಿನ್ನಿನಷ್ಟು ಮೆತ್ತಗೆ ಓಡಬೇಕು, ಔಟ್‌ಬೋರ್ಡಿನ ಹಾಗೆ ಎತ್ತಲೂ ಬರಬೇಕು.

ಇಲ್ಲಿ ಜಿಮ್ ವಿನ್ ಎಂಬ ಎಂಜಿನಿಯರ್ ಬರುತ್ತಾನೆ. ಮರ್ಕ್ಯುರಿ ಔಟ್‌ಬೋರ್ಡ್ ತಯಾರಿಸುವ ಕಾರ್ಲ್ ಕೀಕೇಫರ್‌ನ ಕಂಪನಿಯಲ್ಲಿ ಕೆಲಸಕ್ಕಿದ್ದವನು. 1958ರಲ್ಲಿ ಅದನ್ನು ಬಿಟ್ಟ. ಅದೇ ವರ್ಷ ಡೆನ್ಮಾರ್ಕಿನ ದೋಣಿ ತಯಾರಕ ಓಲೆ ಬೋಟ್‌ವೆಡ್ ಜೊತೆ ಔಟ್‌ಬೋರ್ಡ್ ದೋಣಿಯಲ್ಲಿ ಅಟ್ಲಾಂಟಿಕ್ ಸಾಗರವನ್ನೇ ದಾಟಿದ ಭೂಪ. ಅವನ ಯೋಚನೆ ಸರಳವಾಗಿತ್ತು. ಕಾರಿನಂಥ ಫೋರ್-ಸ್ಟ್ರೋಕ್ ಎಂಜಿನ್ನನ್ನು ದೋಣಿಯೊಳಗೆ ಹಿಂದಿನ ಹಲಗೆಗೆ ಒತ್ತಿಕೊಂಡಂತೆ ಇಡುವುದು. ಶಾಫ್ಟ್ ಆ ಹಲಗೆಯನ್ನು ತೂರಿ ಹೊರಗೆ ಹೋಗುತ್ತದೆ, ಗೇರಿನ ಮೂಲಕ ಕೆಳಗಿಳಿದು ಮತ್ತೊಂದು ಗೇರಿನಿಂದ ಪ್ರೊಪೆಲ್ಲರ್ ತಿರುಗಿಸುತ್ತದೆ. ಹೊರಗಿನ ಕಾಲಿನಂಥ ಭಾಗ ಎಡಬಲಕ್ಕೆ ತಿರುಗುತ್ತದೆ, ಚುಕ್ಕಾಣಿ ಬೇಡ. ಮೇಲಕ್ಕೂ ಎತ್ತಬಹುದು. ಇದೇ ಸ್ಟರ್ನ್ ಡ್ರೈವ್. ಸ್ವೀಡನ್ನಿನ ವೋಲ್ವೋ ಪೆಂಟಾ ಕಂಪನಿ ಹರಾಲ್ಡ್ ವಿಕ್ಲುಂಡ್ ನೇತೃತ್ವದಲ್ಲಿ ಇದನ್ನು ಕೈಗೆತ್ತಿಕೊಂಡು, 80 ಅಶ್ವಶಕ್ತಿಯ 'ಅಕ್ವಾಮ್ಯಾಟಿಕ್' ಎಂಬ ಹೆಸರಿನಲ್ಲಿ 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಇಟ್ಟಿತು.

ಕೀಕೇಫರ್ ಸುಮ್ಮನಿರುವ ಆಸಾಮಿಯಲ್ಲ. ಅವನ ಕಂಪನಿಯಲ್ಲೇ ಚಾರ್ಲಿ ಸ್ಟ್ರಾಂಗ್ ಎಂಬ ಎಂಜಿನಿಯರ್ ಇಂಥದೇ ಯೋಚನೆ ಮುಂದಿಟ್ಟಾಗ ಅವನು ಅದಕ್ಕೆ ಸೊಪ್ಪು ಹಾಕಿರಲಿಲ್ಲ. ಈಗ ಪೇಟೆಯಲ್ಲಿ ಬೇಡಿಕೆ ಕಂಡಮೇಲೆ 1961ರಲ್ಲಿ ತನ್ನದೇ ಮರ್‌ಕ್ರೂಸರ್ ಹೊರತಂದ. ಪೇಟೆಂಟ್ ಯಾರದು ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ತಮಾಷೆ ಎಂದರೆ, ಮುಂದೆ ಸ್ಟರ್ನ್ ಡ್ರೈವ್ ಮಾರುಕಟ್ಟೆಯ ಸಿಂಹಪಾಲು ಮರ್‌ಕ್ರೂಸರ್‌ಗೇ ಹೋಯಿತು. ವೋಲ್ವೋ 1982ರಲ್ಲಿ ಒಂದರ ಹಿಂದೊಂದು ಎದುರುಬದುರು ತಿರುಗುವ ಎರಡು ಪ್ರೊಪೆಲ್ಲರಿನ ಡುವೋಪ್ರಾಪ್ ತಂದಿತು. ಹಿಡಿತ ಹೆಚ್ಚಿತು, ನೇರ ಓಟ ಸಿಕ್ಕಿತು. 2015ರಲ್ಲಿ ಪ್ರೊಪೆಲ್ಲರನ್ನೇ ಮುಂದಕ್ಕೆ ತಿರುಗಿಸಿ ದೋಣಿಯ ಅಡಿಗೆ ಸರಿಸಿತು. ದೋಣಿಯ ಹಿಂದೆಯೇ ಅಲೆಯ ಮೇಲೆ ಆಡುವವರ ಕಾಲಿಗೆ ಅಲಗು ದೂರವಾಗಲಿ ಎಂದು.

ಇನ್ನು ನಮ್ಮ ಕರಾವಳಿಯ ಕಥೆ. ಸ್ಟರ್ನ್ ಡ್ರೈವ್ ಹುಟ್ಟಿದ್ದು ಮೋಜಿನ ದೋಣಿಗೆ. ಪ್ರೊಪೆಲ್ಲರ್ ಎತ್ತಬೇಕಾದ ಅಗತ್ಯ ಅದಕ್ಕಿಂತ ಹೆಚ್ಚಾಗಿ ಇದ್ದದ್ದು ಬಂಗಾಳ ಕೊಲ್ಲಿಯ ದಂಡೆಯ ಮೀನುಗಾರನಿಗೆ. ನೊರೆಯಲೆ ದಾಟಿ ಹೋಗಬೇಕು, ಮತ್ತೆ ಅದನ್ನೇ ದಾಟಿ ಮರಳಿಗೆ ಬಂದು ಬೀಳಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1979ರಲ್ಲಿ ಮದ್ರಾಸಿನಲ್ಲಿ ಬಂಗಾಳ ಕೊಲ್ಲಿ ಕಾರ್ಯಕ್ರಮ ಎಂಬುದನ್ನು ಶುರುಮಾಡಿತು. ಹಣ ಸ್ವೀಡನ್ ಸರ್ಕಾರದ್ದು. ಅದರ ತಂತ್ರಜ್ಞರು ದಂಡೆಗೆ ಇಳಿಯಬಲ್ಲ ಫೈಬರ್ ದೋಣಿಗಳನ್ನು ಮಾಡಿ ತಮಿಳುನಾಡು, ಆಂಧ್ರದ ಹಳ್ಳಿಗಳಲ್ಲಿ ಪರೀಕ್ಷಿಸಿದರು. ಸಣ್ಣ ಡೀಸೆಲ್ ಎಂಜಿನ್ನನ್ನು ನೀರು ಹೋಗದ ಪೆಟ್ಟಿಗೆಯಲ್ಲಿಟ್ಟು, ಶಾಫ್ಟ್, ಪ್ರೊಪೆಲ್ಲರ್ ಸಮೇತ ಇಡೀ ಪೆಟ್ಟಿಗೆಯನ್ನೇ ಓಲಾಡುವಂತೆ ಕೂರಿಸಿದರು. ದಂಡೆ ಹತ್ತಿರ ಬಂದಾಗ ಎತ್ತಿದರೆ ಪ್ರೊಪೆಲ್ಲರ್ ಮೇಲೆ. ಅದಕ್ಕೆ 'ಬಾಬ್ ಡ್ರೈವ್' ಎಂದು ಹೆಸರು, ಬೇ ಆಫ್ ಬೆಂಗಾಲ್‌ನ ಮೊದಲಕ್ಷರಗಳು. ಅದೇ ಸ್ವೀಡನ್ ದೇಶ, ಅದೇ ಸಮಸ್ಯೆ. ಒಂದು ಪರಿಹಾರ ಶ್ರೀಮಂತರ ಕೆರೆಗೆ, ಇನ್ನೊಂದು ಬಡವರ ಕಡಲಿಗೆ. ಪುಸ್ತಕಗಳಲ್ಲಿ ಮೊದಲನೆಯದರ ಬಗ್ಗೆ ಪುಟಗಟ್ಟಲೆ ಇದೆ, ಎರಡನೆಯದಕ್ಕೆ ಒಂದು ಪ್ಯಾರಾ ಸಿಕ್ಕರೆ ಪುಣ್ಯ.

ಇಲ್ಲಿಂದ ರೈಲಿನಲ್ಲಿ 350 ಕಿಲೋಮೀಟರ್ ಹೋದರೆ ವಿಜಯವಾಡ. ಅಲ್ಲಿರುವುದು ಬೇರೆಯೇ ನೀರು, ಅದೂ ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಬಂದ ಕೃಷ್ಣೆ. 1855ರಲ್ಲಿ ಮುಗಿದ ಹಳೆಯ ಅಣೆಕಟ್ಟು 1952ರಲ್ಲಿ ಒಡೆಯಿತು. ಅದರ ಬಳಿಯೇ 1957ರಲ್ಲಿ ಪ್ರಕಾಶಂ ಬ್ಯಾರೇಜ್ ಎದ್ದು ನಿಂತಿತು. ಕಟ್ಟಿದ್ದು ಗದ್ದೆಗಳಿಗೆ ನೀರು ಬಿಡಲು. ಆದರೆ ಅದರ ಹಿಂದೆ ನಿಂತ ಅಗಲವಾದ ಹಿನ್ನೀರು ಭವಾನಿ ದ್ವೀಪದ ಸುತ್ತ ಜಲಕ್ರೀಡೆಗೆ ಅಂಗಳವಾಯಿತು. 2018ರ ನವೆಂಬರಿನಲ್ಲಿ ಇಲ್ಲೇ ಎಫ್1 ಎಚ್2ಒ ವಿಶ್ವ ಪವರ್‌ಬೋಟ್ ಸ್ಪರ್ಧೆಯೂ ನಡೆಯಿತು. ಗಂಟೆಗೆ 200 ಕಿಲೋಮೀಟರಿಗೂ ಮೀರಿ ಹಾರುವ ಆ ದೋಣಿಗಳ ಹಿಂದೆ ಇದ್ದದ್ದು ಸ್ಟರ್ನ್ ಡ್ರೈವ್ ಅಲ್ಲ, ಔಟ್‌ಬೋರ್ಡ್!

ಹಾಗಾದರೆ ಜಲಕ್ರೀಡೆಯ ದೋಣಿ ಕೊಳ್ಳುವವನು ಯಾವುದನ್ನು ಆರಿಸಬೇಕು? ಕೊಟೇಷನ್ ಹಿಡಿದು ಸಾಲ ಕೇಳಲು ಬರುವವರು ಅಶ್ವಶಕ್ತಿ, ಬೆಲೆ ಎರಡನ್ನೇ ಹೇಳುತ್ತಾರೆ. ಬಿಕಾಂ ಓದಿದ ನನ್ನಂಥವನು ಕೇಳುವುದು ಮೂರನೆಯದನ್ನು: ಯಾವ ನೀರು? ಸ್ಟರ್ನ್ ಡ್ರೈವಿನ ಕಾಲು ಅಲ್ಯೂಮಿನಿಯಮ್ಮಿನದು. ಎತ್ತಿದರೂ ಒಂದಷ್ಟು ಭಾಗ ನೀರಿನಲ್ಲೇ ಉಳಿಯುತ್ತದೆ. ಉಪ್ಪುನೀರು ಅದನ್ನು ತಿನ್ನುತ್ತದೆ. ಹಾಗಾಗಿ ಅದರ ಬದಲು ತಾನು ಸವೆದುಹೋಗಲೆಂದೇ ಬಲಿ ಲೋಹದ ತುಂಡುಗಳನ್ನು ಕೂರಿಸುತ್ತಾರೆ. ಸಮುದ್ರಕ್ಕೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ. ಕೃಷ್ಣೆಯಲ್ಲಿ ಓಡಿದ ದೋಣಿಯನ್ನು ಅದೇ ತುಂಡಿನೊಂದಿಗೆ ರುಷಿಕೊಂಡದ ಕಡಲಿಗೆ ಇಳಿಸಿದರೆ ಮೆಗ್ನೀಸಿಯಂ ಬಲುಬೇಗ ಕರಗಿಹೋಗುತ್ತದೆ, ಆಮೇಲಿನ ಸರದಿ ಡ್ರೈವಿನದು. ಇನ್ನು ಶಾಫ್ಟ್ ಹಲಗೆ ತೂರುವಲ್ಲಿ ಮಡಿಕೆ ಮಡಿಕೆಯ ರಬ್ಬರ್ ಕೊಳವೆ ಇರುತ್ತದೆ, ಬೆಲ್ಲೋಸ್ ಅನ್ನುತ್ತಾರೆ. ಅದು ಹರಿದರೆ ಕಟ್ಟಿಹಾಕಿದ ದೋಣಿಯೂ ನಿಂತಲ್ಲೇ ಮುಳುಗಬಹುದು. ಇವೆಲ್ಲ ಸಾಲದ ಅಸಲಿನಲ್ಲಿ ಕಾಣದ ಬಡ್ಡಿ.

ಔಟ್‌ಬೋರ್ಡನ್ನಾದರೆ ನೀರಿನಿಂದ ಪೂರ್ತಿ ಮೇಲೆತ್ತಬಹುದು, ಸಿಹಿನೀರು ಹಾಯಿಸಿ ತೊಳೆಯಬಹುದು, ಕೆಟ್ಟರೆ ಬಿಚ್ಚಿ ಹೊತ್ತೊಯ್ಯಬಹುದು. ಕಾಲವೂ ಅದರ ಕಡೆಗೆ ವಾಲಿದೆ. ಅಮೆರಿಕದ ಪರಿಸರ ಇಲಾಖೆಯ ನಿಯಮದಿಂದ 2010ರ ಮಾದರಿಗಳಿಂದಾಚೆ ಪೆಟ್ರೋಲ್ ಸ್ಟರ್ನ್ ಡ್ರೈವ್‌ಗಳಿಗೆ ಕೆಟಲಿಟಿಕ್ ಕನ್ವರ್ಟರ್ ಬಂತು, ಬೆಲೆ ಏರಿತು. ಅತ್ತ ಫೋರ್-ಸ್ಟ್ರೋಕ್ ಔಟ್‌ಬೋರ್ಡ್‌ಗಳು ಮೆತ್ತಗಾದವು, ಬಲವಾದವು. 2021ರಲ್ಲಿ ಮರ್ಕ್ಯುರಿ 600 ಅಶ್ವಶಕ್ತಿಯದನ್ನೇ ತಂದಿತು. ಆದರೆ ಓಟದಲ್ಲಿ ಹಳಬರೆಲ್ಲ ಉಳಿಯಲಿಲ್ಲ. ಎವಿನ್‌ರೂಡ್ ಹೆಸರಿನ ಔಟ್‌ಬೋರ್ಡ್ ತಯಾರಿಕೆ 2020ರಲ್ಲಿ ನಿಂತೇ ಹೋಯಿತು.

ಹಾಗೆಂದು ಸ್ಟರ್ನ್ ಡ್ರೈವಿನ ಕಾಲ ಮುಗಿಯಿತು ಎನ್ನಲಾರೆ. ಸಿಹಿನೀರು, ಹಿಂದೆ ಅಗಲ ಜಾಗ, ಹಗ್ಗ ಕಟ್ಟಿ ಸ್ಕೀ ಎಳೆಯುವ ಕೆಲಸ, ಹತ್ತಿರದಲ್ಲೇ ಬಲ್ಲ ಮೆಕ್ಯಾನಿಕ್ ಇದ್ದರೆ ಅದು ಇವತ್ತಿಗೂ ಒಳ್ಳೆಯದು. ತೂಕದ ದೋಣಿಗೆ ದೊಡ್ಡ ಪ್ರೊಪೆಲ್ಲರಿನ ಡ್ರೈವ್, ಹಿಡಿತ ಬೇಕಾದರೆ ಜೋಡಿ ಪ್ರೊಪೆಲ್ಲರ್. ಭವಾನಿ ದ್ವೀಪಕ್ಕೆ ಸಲ್ಲುವುದು ರುಷಿಕೊಂಡಕ್ಕೆ ಸಲ್ಲಬೇಕೆಂದಿಲ್ಲ, ಅಷ್ಟೇ.

ಕೊನೆಗೆ ಒಂದು ಮಾತು. 2017ರ ನವೆಂಬರ್ 12, ಕಾರ್ತೀಕ ಮಾಸದ ಭಾನುವಾರ, ವಿಜಯವಾಡದ ಪಕ್ಕ ಇಬ್ರಾಹಿಂಪಟ್ಟಣದ ಬಳಿ ಕೃಷ್ಣೆಯಲ್ಲಿ ಪ್ರವಾಸಿಗಳ ದೋಣಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ಅದಕ್ಕೆ ಅನುಮತಿಯೇ ಇರಲಿಲ್ಲ. 2019ರ ಸೆಪ್ಟೆಂಬರ್ 15ರಂದು ಗೋದಾವರಿಯ ಕಚ್ಚುಲೂರು ಬಳಿ ಪ್ರವಾಹದಲ್ಲಿ ಮತ್ತೊಂದು ದೋಣಿ ಮುಳುಗಿತು, ಸತ್ತವರು ಐವತ್ತರಷ್ಟು. 1917ರ ಹಳೇ ಕಾನೂನಿನ ಜಾಗಕ್ಕೆ 2021ರಲ್ಲಿ ಹೊಸ ಒಳನಾಡು ಹಡಗುಗಳ ಕಾಯಿದೆ ಬಂತು. ನೋಂದಣಿ, ತಪಾಸಣೆ, ಜೀವರಕ್ಷಕ ಸಾಮಗ್ರಿ ಎಲ್ಲ ಅದರಲ್ಲಿದೆ. ಎವಿನ್‌ರೂಡ್‌ನಿಂದ ಬಾಬ್ ಡ್ರೈವಿನವರೆಗೆ ಎಂಜಿನ್ನನ್ನು ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಿದವರೆಲ್ಲ ಮೊದಲು ನೋಡಿದ್ದು ತಮ್ಮ ಮುಂದಿದ್ದ ನೀರನ್ನು. ದೋಣಿ ಕೊಳ್ಳುವವರೂ ಸಾಲ ಕೊಡುವವರೂ ಅಷ್ಟು ಮಾಡಿದರೆ ಸಾಕು. ಹತ್ತುವ ನಾವು ಎಂಜಿನ್ ಯಾವುದೆಂದು ಕೇಳದಿದ್ದರೂ ಪರವಾಗಿಲ್ಲ, ಲೈಫ್ ಜಾಕೆಟ್ ಎಲ್ಲಿ ಎಂದು ಕೇಳಿಯೇ ಕಾಲಿಡೋಣ. ಏನಂತೀರಿ?